ತೊರಪಳ್ಳಿಯಿಂದ ಸೆಂಟ್ರಲ್ ಕಾಲೇಜಿಗೆ

ಹೊಸೂರಿನಲ್ಲಿ ಶಾಲೆ ಮುಗಿಸಿ ಬೆಂಗಳೂರಿನ ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ದಾರಿ ಬಹಳ ಹಳೆಯದು. ನೂರಮೂವತ್ತು ವರ್ಷಗಳ ಹಿಂದೆಯೇ ಆ ದಾರಿ ಹಿಡಿದವರು ಚಕ್ರವರ್ತಿ ರಾಜಗೋಪಾಲಾಚಾರಿ, ಎಲ್ಲರ ಬಾಯಲ್ಲಿ ರಾಜಾಜಿ.

ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿಗೆ ಹತ್ತಿರದ ತೊರಪಳ್ಳಿಯಲ್ಲಿ. ತಂದೆ ಊರಿನ ಮುನಸೀಫರು, ತಾಯಿ ಸಿಂಗಾರಮ್ಮ. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿ 1891ರಲ್ಲಿ ಮೆಟ್ರಿಕ್ ಪಾಸಾದಾಗ ವಯಸ್ಸು ಸುಮಾರು 13. ಆ ವಯಸ್ಸಿನವರನ್ನು ಒಬ್ಬರೇ ಬಸ್ಸು ಹತ್ತಿಸಲು ನಾವು ಈಗಲೂ ಹಿಂಜರಿಯುತ್ತೇವೆ! ಸೇರಿದ್ದು ಸೆಂಟ್ರಲ್ ಕಾಲೇಜು. ಹೊಸೂರು ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ. ಆದರೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಹಾಗಾಗಿ ಗಡಿ ದಾಟಿದರೂ ಪರೀಕ್ಷೆ ಮದರಾಸು ವಿಶ್ವವಿದ್ಯಾನಿಲಯದ್ದೇ. 1894ರಲ್ಲಿ ಪದವಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು, ಸೇಲಂನಲ್ಲಿ ವಕೀಲಿ. 1948ರಲ್ಲಿ ಭಾರತದ ಗವರ್ನರ್ ಜನರಲ್ ಆದರು.

ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಅರ್ಧ ಹೊತ್ತು ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಇದು ಮಕ್ಕಳನ್ನು ಜಾತಿಯ ಕಸುಬಿಗೇ ಕಟ್ಟಿಹಾಕುತ್ತದೆಂದು ಜನ ಸಿಡಿದೆದ್ದರು. ಓದಿನಿಂದಲೇ ಹಳ್ಳಿ ದಾಟಿ ಬಂದವರಿಗೆ ಆ ಭಯ ಅರ್ಥವಾಗದೆ ಹೋಯಿತಲ್ಲ ಎಂದು ನಮಗನಿಸುತ್ತದೆ. 1954ರಲ್ಲಿ ಅವರು ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು.

ರಾಜಾಜಿ ತೀರಿಕೊಂಡದ್ದು 1972ರ ಕ್ರಿಸ್ಮಸ್ ದಿನ. ತೊರಪಳ್ಳಿಯ ಅವರ ಮನೆ ಈಗ ಸ್ಮಾರಕವಾಗಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬರಬಹುದು.