ನಿಘಂಟಿನ ತಪಸ್ವಿ ರೆವರೆಂಡ್ ಕಿಟ್ಟೆಲ್

ಗೊತ್ತಿಲ್ಲದ ಪದ ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಅರ್ಥ ಸಿಕ್ಕಿತೆಂದರೆ ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿ ಇಡುತ್ತೇವೆ. ಆ ಒಂದೊಂದು ಪದದ ಹಿಂದೆ ಯಾರ ದುಡಿಮೆ ಇದೆ, ಯಾರ ನಿದ್ದೆಗೆಟ್ಟ ರಾತ್ರಿಗಳಿವೆ ಎಂದು ಯೋಚಿಸುವವರು ವಿರಳ. ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಾವು ಮೊದಲು ನೆನೆಯಬೇಕಾದ ಹೆಸರುಗಳಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರದು ಮುಖ್ಯವಾದುದು. ಕನ್ನಡ ಅವರ ತಾಯ್ನುಡಿಯಲ್ಲ. ಅವರು ಹುಟ್ಟಿದ ನಾಡಿಗೂ ನಮ್ಮ ನಾಡಿಗೂ ನಡುವೆ ಸಾವಿರಾರು ಮೈಲಿಗಳ ಕಡಲು. ಆದರೂ ಅವರು ನಮ್ಮ ನುಡಿಗಾಗಿ ಸವೆಸಿದ ಬಾಳು ಕನ್ನಡ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕಾದುದು.

ಕಿಟ್ಟೆಲ್ಲರು ೧೮೩೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ತೀರದ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಮನೆಯಲ್ಲಿ ದೈವಭಕ್ತಿಯೂ ಶಿಸ್ತೂ ಜೊತೆಯಾಗಿದ್ದುವು. ಬಾಲಕ ಫರ್ಡಿನೆಂಡನಿಗೆ ಭಾಷೆಗಳ ಕಲಿಕೆಯಲ್ಲಿ ವಿಶೇಷ ಆಸಕ್ತಿ. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಅವರು ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿದರು. ಕಾಕತಾಳೀಯವೆಂಬಂತೆ ಅವರು ಹುಟ್ಟಿದ ಅದೇ ೧೮೩೨ರಲ್ಲಿ, ಬಳ್ಳಾರಿಯಲ್ಲಿ ದುಡಿದಿದ್ದ ವಿಲಿಯಂ ರೀವ್ ಎಂಬ ಪಾದ್ರಿಯವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಆ ಕಾರ್ಯವನ್ನು ಬಹುದೂರ ಮುಂದುವರಿಸಬೇಕಾದ ಶಿಶು ಜರ್ಮನಿಯ ತೊಟ್ಟಿಲಲ್ಲಿ ಮಲಗಿತ್ತು!

ಓದು ಮುಗಿದ ಮೇಲೆ ಕಿಟ್ಟೆಲ್ಲರು ತಮ್ಮ ನಾಡಿನಲ್ಲಿಯೇ ಒಳ್ಳೆಯ ಕೆಲಸ ಹಿಡಿದು ಸುಖವಾಗಿರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ೧೮೫೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿ, ೧೮೫೩ರಲ್ಲಿ ಇಂಡಿಯಾಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಸುಯೆಜ್ ಕಾಲುವೆ ಆಗ ಇನ್ನೂ ಇರಲಿಲ್ಲ. ಅದು ತೆರೆದುದು ೧೮೬೯ರಲ್ಲಿ. ಒಮ್ಮೆ ಹಡಗು ಹತ್ತಿದರೆ ತಂದೆತಾಯಿಗಳ ಮುಖ ಮತ್ತೆ ನೋಡುವ ಭರವಸೆ ಇಲ್ಲದ ಕಾಲವದು.

ಬಾಸೆಲ್ ಮಿಶನ್ನಿನ ಹೆಸರು ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ನಮ್ಮ ಪ್ರದೇಶ ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ಅಲ್ಲಿ ೧೮೩೪ರಿಂದ ಕೆಲಸ ಮಾಡುತ್ತಿದ್ದ ಈ ಸಂಸ್ಥೆ ಶಾಲೆಗಳನ್ನು ತೆರೆಯಿತು, ಅಚ್ಚುಕೂಟ ಸ್ಥಾಪಿಸಿತು, ನೆಯ್ಗೆ ಕಲಿಸಿತು, ಹಂಚಿನ ಕಾರ್ಖಾನೆ ನಡೆಸಿತು. ನಮ್ಮ ಹಿರಿಯರ ಎಷ್ಟೋ ಮನೆಗಳ ಮಾಡಿಗೆ ಹೊದಿಸಿದುದು ಮಂಗಳೂರು ಹಂಚು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಹೊರತಂದ ಹೆರ್ಮನ್ ಮೋಗ್ಲಿಂಗರೂ, ಮಲಯಾಳದ ಹೆಸರಾಂತ ನಿಘಂಟನ್ನು ರಚಿಸಿ ೧೮೭೨ರಲ್ಲಿ ಪ್ರಕಟಿಸಿದ ಹೆರ್ಮನ್ ಗುಂಡರ್ಟರೂ ಇದೇ ಸಂಸ್ಥೆಯವರು.

ಕನ್ನಡ ನಾಡಿಗೆ ಬಂದ ಕಿಟ್ಟೆಲ್ಲರು ಮೊದಲು ಹಿಡಿದ ಕೆಲಸ ಕನ್ನಡ ಕಲಿಯುವುದು. ಅವರು ಬಂಗಲೆಯಲ್ಲಿ ಕುಳಿತು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದರು. ರೈತರೊಡನೆ, ಸಂತೆಯ ಜನರೊಡನೆ, ಪಂಡಿತರೊಡನೆ ಮಾತನಾಡಿದರು. ಈ ನಾಡಿನ ಜನರ ನಡುವೆ ಅವರಂತೆಯೇ ಬಾಳಬೇಕೆಂಬುದು ಅವರ ಬಯಕೆಯಾಗಿತ್ತು. ಇದು ಮಿಶನ್ನಿನ ಮೇಲಧಿಕಾರಿಗಳಿಗೆ ಹಿಡಿಸಲಿಲ್ಲ. ಯುರೋಪಿನವರು ಯುರೋಪಿನವರಾಗಿಯೇ ಇರಬೇಕೆಂಬುದು ಅವರ ನಿಲುವು. ಈ ಕಾರಣದಿಂದ ಕಿಟ್ಟೆಲ್ಲರಿಗೂ ಸಂಸ್ಥೆಗೂ ಅನೇಕ ವರ್ಷ ಭಿನ್ನಾಭಿಪ್ರಾಯ ನಡೆಯಿತು. ಧರ್ಮಪ್ರಚಾರಕರಾಗಿ ಅವರು ದೊಡ್ಡ ಹೆಸರು ಗಳಿಸಿದವರಲ್ಲ. ಆದರೆ ತಮ್ಮ ದೇವರಲ್ಲಿ ಅವರಿಗಿದ್ದ ನಂಬಿಕೆ ಎಂದೂ ಕುಂದಲಿಲ್ಲ. ಆ ನಂಬಿಕೆಯನ್ನು ಕನ್ನಡದ ದಾರಿಯಲ್ಲಿಯೇ ಹೇಳಬೇಕೆಂದು ಅವರು ೧೮೬೨ರಲ್ಲಿ ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಕಾವ್ಯವಾಗಿ ರಚಿಸಿದರು.

ಛಂದಸ್ಸಿನ ಈ ಪ್ರೀತಿ ಅವರನ್ನು ಹಳಗನ್ನಡದ ಕಡೆಗೆ ಒಯ್ದಿತು. ಓಲೆಗರಿಗಳನ್ನು ಹುಡುಕಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ ಪ್ರಕಟಿಸಿದರು. ವ್ಯಾಕರಣ ಹಾಗೂ ಛಂದಸ್ಸಿನ ಈ ಎರಡು ಗ್ರಂಥಗಳು ಅಚ್ಚಿನಲ್ಲಿ ಓದುಗರಿಗೆ ದೊರೆತುದು ಕನ್ನಡ ವಿದ್ವತ್ತಿಗೆ ದೊಡ್ಡ ಉಪಕಾರ. ಶಾಲಾ ಮಕ್ಕಳಿಗಾಗಿ ಕನ್ನಡ ಪದ್ಯಗಳ ಸಂಗ್ರಹವನ್ನೂ ಅವರು ಸಿದ್ಧಪಡಿಸಿದರು.

ಇನ್ನು ಅವರ ಸಂಸಾರದ ವಿಷಯ. ವಿದ್ವಾಂಸರ ಚರಿತ್ರೆ ಬರೆಯುವವರು ಇದನ್ನು ಎರಡು ಸಾಲಿನಲ್ಲಿ ಮುಗಿಸುವುದುಂಟು. ಆದರೆ ಕಿಟ್ಟೆಲ್ಲರ ದುಡಿಮೆಗೆ ತೆತ್ತ ಬೆಲೆ ಏನೆಂದು ತಿಳಿಯಬೇಕಾದರೆ ಅವರ ಮನೆಯ ಬಾಗಿಲನ್ನು ತಟ್ಟಲೇಬೇಕು. ಮಿಶನ್ನಿನವರು ಮದುವೆಯಾಗಬೇಕಾದರೆ ಬಾಸೆಲಿನ ಮುಖ್ಯ ಕಚೇರಿಯ ಅಪ್ಪಣೆ ಬೇಕಾಗಿತ್ತು. ಕಿಟ್ಟೆಲ್ಲರು ೧೮೬೦ರಲ್ಲಿ ಪೌಲಿನ್ ಐಟ್ ಎಂಬಾಕೆಯನ್ನು ಮದುವೆಯಾದರು. ಆಕೆ ತವರನ್ನು ಬಿಟ್ಟು, ಬಿಸಿಲು ಮಳೆಗಳ ಈ ಅಪರಿಚಿತ ನಾಡಿಗೆ ಗಂಡನನ್ನು ನಂಬಿ ಬಂದವರು. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆ ತೀರಿಕೊಂಡರು. ಚಿಕ್ಕ ಮಕ್ಕಳೊಂದಿಗೆ ಕಿಟ್ಟೆಲ್ಲರು ಒಂಟಿಯಾದರು. ೧೮೬೭ರಲ್ಲಿ ಅವರು ಪೌಲಿನರ ತಂಗಿ ಜೂಲಿಯವರ ಕೈ ಹಿಡಿದರು. ಅಕ್ಕ ಇಲ್ಲದ ಮನೆಯನ್ನು ತಂಗಿ ಬೆಳಗಿದರು, ಸಂಸಾರ ಮತ್ತೆ ಬೆಳೆಯಿತು.

ಆ ಕಾಲದಲ್ಲಿ ಮಿಶನ್ನಿನ ದಂಪತಿಗಳಿಗೆ ಇನ್ನೊಂದು ಕಷ್ಟವಿತ್ತು. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳುಹಿಸುವುದು ರೂಢಿ. ಹೀಗೆ ಅಗಲಿದ ಮಕ್ಕಳು ದೊಡ್ಡವರಾದ ಮೇಲೆಯೇ ತಂದೆತಾಯಿಗಳನ್ನು ಕಾಣುವುದು. ಕೆಲವರು ಕಾಣದೆಯೇ ಉಳಿದುದೂ ಉಂಟು. ಇಂದು ಮಗ ಹಾಸ್ಟೆಲಿಗೆ ಹೊರಟರೆ ಬಸ್ ನಿಲ್ದಾಣದವರೆಗೆ ಬಂದು ಕಣ್ಣೊರೆಸಿಕೊಳ್ಳುವ ತಾಯಂದಿರು ಇದನ್ನು ಸುಲಭವಾಗಿ ಊಹಿಸಬಲ್ಲರು.

ಇಷ್ಟರಲ್ಲಿ ನಿಘಂಟಿನ ಮಹಾಕಾರ್ಯ ಕಿಟ್ಟೆಲ್ಲರ ಹೆಗಲೇರಿತ್ತು. ೧೮೭೭ರಲ್ಲಿ ಅವರು ಜರ್ಮನಿಗೆ ಮರಳಿದರು. ಆರೋಗ್ಯ ಚೆನ್ನಾಗಿರಲಿಲ್ಲ, ಸಣ್ಣ ಅಕ್ಷರಗಳನ್ನೂ ಓಲೆಗರಿಗಳನ್ನೂ ಓದಿ ಓದಿ ಕಣ್ಣುಗಳೂ ದಣಿದಿದ್ದುವು. ಹೆಂಡತಿ ಮಕ್ಕಳೊಡನೆ ಒಂದೇ ಮಾಡಿನ ಕೆಳಗೆ ಇರುವ ಭಾಗ್ಯ ಒದಗಿತ್ತು. ಆದರೆ ನಿಘಂಟನ್ನು ಕನ್ನಡ ಮಾತನಾಡುವ ಜನರಿಂದ ದೂರ ಕುಳಿತು ಮುಗಿಸಲು ಸಾಧ್ಯವಿರಲಿಲ್ಲ. ಒಂದು ಪದದ ಅರ್ಥದಲ್ಲಿ ಸಂದೇಹ ಬಂದರೆ ಯಾರನ್ನು ಕೇಳುವುದು? ೧೮೮೩ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಸಂಸಾರವನ್ನು ಜರ್ಮನಿಯಲ್ಲಿಯೇ ಬಿಟ್ಟು ಮತ್ತೆ ಕನ್ನಡ ನಾಡಿಗೆ ಬಂದರು. ಅವರು ಕೊನೆಯ ಬಾರಿ ಊರಿಗೆ ಹಿಂತಿರುಗಿದುದು ೧೮೯೨ರಲ್ಲಿ. ಆ ವರ್ಷಗಳಲ್ಲಿ ಮನೆಯ ಭಾರವನ್ನು ಹೊತ್ತವರು ಜೂಲಿಯವರು. ನಿಘಂಟಿನ ಮುಖಪುಟದಲ್ಲಿ ಅವರ ಹೆಸರಿಲ್ಲ. ಆದರೆ ಆ ತಾಯಿಯ ತಾಳ್ಮೆ ಇಲ್ಲದಿದ್ದರೆ ಈ ಪುಸ್ತಕ ಮುಗಿಯುತ್ತಿತ್ತೆ ಎಂಬುದು ಯೋಚಿಸಬೇಕಾದ ಮಾತು. ತಂದೆ ಮಾಡಿದುದು ಸರಿಯೇ ಎಂದು ಆ ಮಕ್ಕಳು ಕೇಳಿದ್ದರೆ ಸುಲಭದ ಉತ್ತರ ಯಾರಲ್ಲಿಯೂ ಇರುತ್ತಿರಲಿಲ್ಲ.

ಈ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಣವಾಗಿ ಹೊರಬಂತು. ಸುಮಾರು ೭೦,೦೦೦ ಪದಗಳು. ೧,೭೦೦ಕ್ಕೂ ಮಿಕ್ಕಿದ ಪುಟಗಳು. ಕಂಪ್ಯೂಟರ್ ಇಲ್ಲ, ಬೆರಳಚ್ಚಿನ ಯಂತ್ರದಲ್ಲಿ ಕನ್ನಡವಿಲ್ಲ. ಪ್ರತಿಯೊಂದು ಪದವನ್ನೂ ಕೈಯಲ್ಲಿ ಬರೆದು, ಅಕಾರಾದಿಯಲ್ಲಿ ಜೋಡಿಸಿ, ಅರ್ಥ ಹಚ್ಚಿ, ಪ್ರಯೋಗ ಕೊಟ್ಟು, ತಿದ್ದಿ, ಮತ್ತೆ ಬರೆಯಬೇಕು. ಅಚ್ಚುಕೂಟದಲ್ಲಿ ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಿಂದಲೇ ಜೋಡಿಸಬೇಕು. ಕನ್ನಡದ ಪಂಡಿತರು, ಮಿಶನ್ನಿನ ಸಹೋದ್ಯೋಗಿಗಳು, ಅಚ್ಚಿನ ಕೆಲಸಗಾರರು ಇವರೆಲ್ಲರ ನೆರವು ಕಿಟ್ಟೆಲ್ಲರಿಗಿತ್ತು.

ನಿಘಂಟಿನ ಗಾತ್ರಕ್ಕಿಂತ ಅದರ ಗುಣ ದೊಡ್ಡದು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಇವುಗಳಿಂದ ಪ್ರಯೋಗಗಳನ್ನು ಅವರು ಆಯ್ದುಕೊಂಡರು. ತಾನು ಕ್ರೈಸ್ತ ಪಾದ್ರಿ, ಇವು ಅನ್ಯಮತದ ಗ್ರಂಥಗಳು ಎಂಬ ಕಾರಣಕ್ಕೆ ಒಂದು ಪದವನ್ನೂ ದೂರವಿಡಲಿಲ್ಲ. ಪಂಡಿತರ ಮಾತಿನಂತೆಯೇ ಸಾಮಾನ್ಯ ಜನರ ಮಾತಿಗೂ, ಗಾದೆಗಳಿಗೂ ಸ್ಥಾನ ಕೊಟ್ಟರು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿರುವ ಸೋದರ ಪದಗಳನ್ನೂ ತೋರಿಸಿಕೊಟ್ಟರು. ಸಂಸ್ಕೃತದಿಂದ ಕನ್ನಡಕ್ಕೆ ಪದಗಳು ಬಂದಂತೆ ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೂ ಪದಗಳು ಹೋಗಿವೆಯೆಂದು ವಾದಿಸಿ, ಅಂತಹ ಪದಗಳ ಪಟ್ಟಿಯನ್ನೇ ಮುನ್ನುಡಿಯಲ್ಲಿ ಕೊಟ್ಟರು.

ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ನಾವು ಮಳೆ, ಕೋಳಿ, ಬಾಳೆ ಎಂದು ಒಂದೇ ಳಕಾರದಲ್ಲಿ ಬರೆಯುತ್ತೇವೆ. ಹಳಗನ್ನಡದಲ್ಲಿ ಇವು ಮೞೆ, ಕೋೞಿ, ಬಾೞೆ. ಕನ್ನಡದಲ್ಲಿ ಮರೆಯಾದ ಆ ೞಕಾರ ನೆರೆಮನೆಯ ಮಲಯಾಳದಲ್ಲಿ ಇಂದಿಗೂ ಜೀವಂತವಾಗಿದೆ. ನಿಮ್ಮ ಗೆಳೆಯರು ಮಳೆಗೆ, ಕೋಳಿಗೆ ಏನೆನ್ನುತ್ತಾರೆಂದು ಕಿವಿಗೊಟ್ಟು ಕೇಳಿರಿ. ಕೇಶಿರಾಜನ ಕಾಲದ ಕನ್ನಡದ ದನಿ ಅಲ್ಲಿ ಕೇಳಿಸುತ್ತದೆ. ಈ ಭಾಷೆಗಳು ಒಂದನ್ನೊಂದು ತಿನ್ನುವ ಹಗೆಗಳಲ್ಲ, ಒಂದೇ ತಾಯಿಯ ಮಕ್ಕಳು ಎಂಬುದನ್ನು ಕಿಟ್ಟೆಲ್ಲರಂಥವರ ದುಡಿಮೆ ಪದಪದದಲ್ಲಿಯೂ ತೋರಿಸಿತು.

ಯಾವ ಮನುಷ್ಯನ ಕೆಲಸವೂ ಸಂಪೂರ್ಣವಲ್ಲ. ಕವಿರಾಜಮಾರ್ಗವೂ ಪಂಪಭಾರತವೂ ಅಚ್ಚಾದುದು ೧೮೯೮ರಲ್ಲಿ, ಅಂದರೆ ನಿಘಂಟು ಹೊರಬಂದ ನಾಲ್ಕು ವರ್ಷಗಳ ಅನಂತರ. ಹೀಗಾಗಿ ಅನೇಕ ಹಳೆಯ ಪದಗಳು ಅದರಲ್ಲಿ ಸೇರಿರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಪರವಾಗಿ ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ವಿಸ್ತರಿಸಿ, ೧೯೬೮ರಿಂದ ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಮುಗಿಸಿದ್ದು ೧೯೯೫ರಲ್ಲಿ. ಇಷ್ಟಾದರೂ ಕಿಟ್ಟೆಲ್ ಕೋಶವನ್ನು ವಿದ್ವಾಂಸರು ಕೈಬಿಟ್ಟಿಲ್ಲ.

ಊರಿಗೆ ಮರಳಿದ ಕಿಟ್ಟೆಲ್ಲರು ತೂಬಿಂಗನ್ ನಗರದಲ್ಲಿ ನೆಲೆಸಿದರು. ಅಲ್ಲಿನ ವಿಶ್ವವಿದ್ಯಾನಿಲಯ ೧೮೯೬ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ವೃದ್ಧಾಪ್ಯದಲ್ಲಿಯೂ ಅವರು ಸುಮ್ಮನೆ ಕೂಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಒಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಕೊನೆಯ ವರ್ಷದವರೆಗೂ ಕನ್ನಡ ಅವರ ಕೈ ಬಿಟ್ಟಿರಲಿಲ್ಲ, ಅವರೂ ಕನ್ನಡದ ಕೈ ಬಿಟ್ಟಿರಲಿಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ.

ವಿದ್ಯಾರ್ಥಿಗಳೇ, ಕನ್ನಡ ಓದಿದರೆ ಮುಂದೇನು ಎಂದು ನಮ್ಮ ಊರುಗಳಲ್ಲಿ ಕೇಳುವವರಿದ್ದಾರೆ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಎನ್ನುವ ಸ್ಥಿತಿಯಲ್ಲಿ ಆ ಪ್ರಶ್ನೆ ಸಹಜವೇ. ಕನ್ನಡದಿಂದ ತನಗೇನು ಸಿಗುತ್ತದೆ ಎಂದು ಕಿಟ್ಟೆಲ್ಲರು ಲೆಕ್ಕ ಹಾಕಿದ್ದರೆ ಮೊದಲ ಪುಟದಲ್ಲಿಯೇ ಲೇಖನಿಯನ್ನು ಕೆಳಗಿಡುತ್ತಿದ್ದರು. ಹಿಡಿದ ಕೆಲಸವನ್ನು ದೇವರ ಕೆಲಸವೆಂದೇ ತಿಳಿದು ದಿನಕ್ಕಿಷ್ಟರಂತೆ ಮಾಡಿ ಮುಗಿಸಿದರು. ನಿಮ್ಮಿಂದ ಎಪ್ಪತ್ತು ಸಾವಿರ ಪದಗಳನ್ನು ಯಾರೂ ಕೇಳುವುದಿಲ್ಲ. ನಿಮ್ಮ ಅಜ್ಜಿಯ ಬಾಯಲ್ಲಿ ಇನ್ನೂ ಉಳಿದಿರುವ, ಪುಸ್ತಕದಲ್ಲಿ ಸಿಗದ ಹತ್ತು ಪದಗಳನ್ನು ಈ ರಜೆಯಲ್ಲಿ ಕೇಳಿ ನೋಟುಪುಸ್ತಕದಲ್ಲಿ ಬರೆದಿಡಿರಿ. ತಂದೆತಾಯಂದಿರು ಅದಕ್ಕೆ ಒಂದಿಷ್ಟು ಹೊತ್ತು ಮಾಡಿಕೊಡಲಿ. ಕಿಟ್ಟೆಲ್ಲರ ಕೆಲಸ ಶುರುವಾದುದೂ ಹೀಗೆ ಜನರನ್ನು ಕೇಳಿ ಬರೆದುಕೊಳ್ಳುವುದರಿಂದಲೇ.