1956ರ ಹಂಗೇರಿ ಮತ್ತು ಕಾರ್ಡಿನಲ್ ಮಿಂಡ್ಸೆಂಟಿ

ಹಂಗೇರಿಯ ಜನರಿಗೆ 1956 ಎಂದರೆ ಬರೇ ಒಂದು ಇಸವಿಯಲ್ಲ. ಆ ವರ್ಷದ ಶರತ್ಕಾಲದಲ್ಲಿ ಅವರು ಹದಿಮೂರು ದಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದರು, ಸೋತರು. ಆ ದಿನಗಳೊಂದಿಗೆ ಬೆಸೆದುಕೊಂಡಿರುವ ಹೆಸರುಗಳಲ್ಲಿ ಒಂದು ಕಾರ್ಡಿನಲ್ ಜೋಸೆಫ್ ಮಿಂಡ್ಸೆಂಟಿ ಅವರದು. ಐವತ್ತರ ದಶಕದಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಂಡ ಈ ಹೆಸರು ಇಂದಿನ ನಮ್ಮ ಯುವಜನರಿಗೆ ಅಷ್ಟಾಗಿ ಗೊತ್ತಿರಲಾರದು. ಆದುದರಿಂದ ಅವರ ಬಾಳಿನ ಕಥೆಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಅವರು 1892ರ ಮಾರ್ಚ್ 29ರಂದು ಪಶ್ಚಿಮ ಹಂಗೇರಿಯ ಚೆಹಿಮಿಂಡ್ಸೆಂಟ್ ಎಂಬ ಹಳ್ಳಿಯಲ್ಲಿ, ರೈತ ಕುಟುಂಬದಲ್ಲಿ ಜನಿಸಿದರು. ಹುಟ್ಟಿದಾಗಿನ ಮನೆತನದ ಹೆಸರು ಪೆಹ್ಮ್. ಅದು ಜರ್ಮನ್ ಮೂಲದ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಹಿಟ್ಲರನ ಪ್ರಭಾವ ದೇಶದಲ್ಲಿ ಹೆಚ್ಚುತ್ತಿದ್ದಾಗ, ಅವರು ಅದನ್ನು ಬಿಟ್ಟು ಹುಟ್ಟೂರಿನ ಹೆಸರನ್ನೇ ತಮ್ಮದಾಗಿಸಿಕೊಂಡರು. 1915ರಲ್ಲಿ ಗುರುದೀಕ್ಷೆ ಪಡೆದ ಅವರು 1944ರಲ್ಲಿ ವೆಸ್ಪ್ರೇಮ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾದರು. 1945ರಲ್ಲಿ ಎಸ್ಟೆರ್‌ಗೋಮ್‌ನ ಮಹಾಧರ್ಮಾಧ್ಯಕ್ಷರಾಗಿ ಇಡೀ ಹಂಗೇರಿಯ ಧರ್ಮಸಭೆಯ ಮುಖ್ಯಸ್ಥರಾದರು. ಮರುವರ್ಷ ಪೋಪ್ 12ನೇ ಪಯಸ್ ಅವರನ್ನು ಕಾರ್ಡಿನಲ್ ಪದವಿಗೆ ಏರಿಸಿದರು.

ಸೆರೆಮನೆ ಅವರಿಗೆ ಹೊಸತಾಗಿರಲಿಲ್ಲ. 1919ರ ಕ್ರಾಂತಿಯ ದಿನಗಳಲ್ಲಿ ತರುಣ ಯಾಜಕರಾಗಿದ್ದಾಗಲೇ ಬಂಧನವಾಗಿತ್ತು. 1944ರಲ್ಲಿ ಹಂಗೇರಿಯ ನಾತ್ಸಿ ಪಕ್ಷವಾದ ಆ್ಯರೋ ಕ್ರಾಸ್ ಅವರನ್ನು ಬಂಧಿಸಿತು. ಮೂರನೆಯ ಸರದಿ ಕಮ್ಯುನಿಸ್ಟರದು. 1948ರಲ್ಲಿ ಸರಕಾರ ಕಥೋಲಿಕ ಶಾಲೆಗಳನ್ನು ವಶಪಡಿಸಿಕೊಂಡಾಗ ಅವರು ಬಹಿರಂಗವಾಗಿ ವಿರೋಧಿಸಿದರು. ಆ ವರ್ಷದ ಡಿಸೆಂಬರ್ 26ರಂದು, ಕ್ರಿಸ್ಮಸ್ ಹಬ್ಬದ ಮರುದಿನ, ಪೊಲೀಸರು ಅವರನ್ನು ಕರೆದೊಯ್ದರು. ಬಂಧನಕ್ಕೆ ಮೊದಲೇ ಅವರು ಒಂದು ಚೀಟಿ ಬರೆದಿಟ್ಟಿದ್ದರು: ಮುಂದೆ ತಾವು ಯಾವುದೇ ತಪ್ಪೊಪ್ಪಿಗೆ ನೀಡಿದರೂ ಅದನ್ನು ಮನುಷ್ಯನ ದುರ್ಬಲತೆಯೆಂದು ತಿಳಿಯಬೇಕು, ಅದು ಅಸಿಂಧು ಎಂಬುದೇ ಅದರ ತಾತ್ಪರ್ಯ. ಬುಡಾಪೆಸ್ಟಿನ ಆಂದ್ರಾಶಿ ಬೀದಿಯ 60ನೇ ನಂಬ್ರದ ಕಟ್ಟಡದಲ್ಲಿ ನಿದ್ದೆ ಕೊಡದೆ, ರಬ್ಬರಿನ ಲಾಠಿಯಿಂದ ಹೊಡೆದು, ವಾರಗಟ್ಟಲೆ ಅವರನ್ನು ವಿಚಾರಣೆಗೆ ಒಳಪಡಿಸಲಾಯಿತು. ಕೊನೆಗೆ ಅವರು ಸಹಿ ಹಾಕಿದರು. ಬಲವಂತದಿಂದ ಮಾಡಿದ್ದು ಎಂಬ ಅರ್ಥ ಬರುವ ಎರಡು ಲ್ಯಾಟಿನ್ ಅಕ್ಷರಗಳನ್ನು ಸಹಿಯ ಪಕ್ಕದಲ್ಲಿ ಸೇರಿಸಿದ್ದಾಗಿ ಅವರು ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. 1949ರ ಫೆಬ್ರುವರಿ 8ರಂದು ದೇಶದ್ರೋಹದ ಆರೋಪದಲ್ಲಿ ಜೀವಾವಧಿ ಶಿಕ್ಷೆ ಪ್ರಕಟವಾಯಿತು.

ಈಗ 1956ಕ್ಕೆ ಬರೋಣ. ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಕ್ರುಶ್ಚೇವ್ ಸ್ಟಾಲಿನನ ಅಪರಾಧಗಳನ್ನು ತನ್ನ ಪಕ್ಷದ ಮುಂದೆ ತೆರೆದಿಟ್ಟಿದ್ದರ ಬಿಸಿ ಹಂಗೇರಿಗೂ ತಟ್ಟಿತು. ಜುಲೈಯಲ್ಲಿ ಪಕ್ಷದ ಸರ್ವಾಧಿಕಾರಿ ರಾಕೋಶಿ ಕೆಳಗಿಳಿಯಬೇಕಾಯಿತು. ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಸಂಜೆಯ ಹೊತ್ತಿಗೆ ಜನಸಾಗರವೇ ಸೇರಿತ್ತು. ಸ್ಟಾಲಿನನ ಬೃಹತ್ ಪ್ರತಿಮೆ ನೆಲಕ್ಕುರುಳಿತು, ರೇಡಿಯೋ ಕಟ್ಟಡದ ಬಳಿ ಗುಂಡು ಹಾರಿತು. ಮರುದಿನ ಇಮ್ರೆ ನಾಗಿ ಪ್ರಧಾನಿಯಾದರು. ಅದೇ ದಿನ ಸೋವಿಯತ್ ಟ್ಯಾಂಕುಗಳೂ ಬೀದಿಗೆ ಬಂದವು.

ಆಗ ಕಾರ್ಡಿನಲ್‌ರವರು ಫೆಲ್ಶೊಪೆಟೆನಿ ಎಂಬಲ್ಲಿ ಕಾವಲಿನಲ್ಲಿದ್ದರು. ಆರೋಗ್ಯ ಕೆಟ್ಟಿದ್ದರಿಂದ 1955ರಲ್ಲಿ ಅವರನ್ನು ಜೈಲಿನಿಂದ ಗೃಹಬಂಧನಕ್ಕೆ ಸ್ಥಳಾಂತರಿಸಲಾಗಿತ್ತು. ಅಕ್ಟೋಬರ್ 30ರ ರಾತ್ರಿ ಸಮೀಪದ ರೇಟ್‌ಶಾಗ್ ಸೇನಾ ಶಿಬಿರದ ಮೇಜರ್ ಆಂಟಲ್ ಪಾಲಿಂಕಾಶ್ ಸೈನಿಕರೊಂದಿಗೆ ಬಂದು ಅವರನ್ನು ಬಿಡಿಸಿದರು. ಮರುದಿನ ಬೆಳಿಗ್ಗೆ ಬುಡಾಪೆಸ್ಟಿನ ದಾರಿಯುದ್ದಕ್ಕೂ ಜನರು ನೆರೆದಿದ್ದರು, ಚರ್ಚ್‌ಗಳ ಗಂಟೆಗಳು ಮೊಳಗಿದವು. ಆ ಮೇಜರನ ಹೆಸರನ್ನೂ ನಾವು ನೆನಪಿಡಬೇಕು. ಅವರನ್ನು 1957ರ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು.

ನವೆಂಬರ್ 3ರ ರಾತ್ರಿ ಕಾರ್ಡಿನಲ್ ರೇಡಿಯೋದಲ್ಲಿ ಮಾತನಾಡಿದರು. ಅವರು ಜಮೀನ್ದಾರರ ಆಸ್ತಿ ಹಿಂದಿರುಗಿಸಲು ಕೇಳಿದರೆಂದು ಕಮ್ಯುನಿಸ್ಟರು ಬಹುಕಾಲ ಪ್ರಚಾರ ಮಾಡಿದರು. ಅದು ಸುಳ್ಳು. ಅವರು ಕೇಳಿದ್ದು ಮುಕ್ತ ಚುನಾವಣೆ, ನೆರೆಯ ದೇಶಗಳೊಂದಿಗೆ ಶಾಂತಿ, ಧರ್ಮಸಭೆಗೆ ಅದರ ಸಂಸ್ಥೆಗಳು ಮತ್ತು ಪತ್ರಿಕೆಗಳು. ಖಾಸಗಿ ಆಸ್ತಿಗೂ ಸಮಾಜದ ಹಿತವೇ ಮಿತಿಯಾಗಬೇಕೆಂಬುದು ಅವರ ಮಾತಾಗಿತ್ತು. ಆದರೆ ನಾಗಿಯವರ ಸರಕಾರಕ್ಕೆ ಅವರು ತುಂಬು ಮನಸ್ಸಿನ ಬೆಂಬಲ ಘೋಷಿಸಲಿಲ್ಲ ಎಂಬುದನ್ನೂ ಹೇಳಬೇಕು. ಅಷ್ಟು ವರ್ಷ ಅವರ ಕೈಯಲ್ಲಿ ನರಳಿದವರಿಗೆ ಒಂದೇ ವಾರದಲ್ಲಿ ಅವರನ್ನು ನಂಬುವುದು ಸುಲಭವಿರಲಿಲ್ಲವೆಂದು ನಮಗೆ ತೋರುತ್ತದೆ.

ನವೆಂಬರ್ 4ರ ನಸುಕಿನಲ್ಲಿ ಸೋವಿಯತ್ ಸೇನೆ ಮತ್ತೆ ನುಗ್ಗಿತು. ಸಂಸತ್ ಭವನದಲ್ಲಿದ್ದ ಕಾರ್ಡಿನಲ್ ಅಲ್ಲಿಂದ ಕೆಲವೇ ನಿಮಿಷಗಳ ದಾರಿಯಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಗೆ ನಡೆದುಹೋಗಿ ಆಶ್ರಯ ಪಡೆದರು. ಅವರ ಸ್ವಾತಂತ್ರ್ಯ ಐದು ದಿನವೂ ತುಂಬಿರಲಿಲ್ಲ. ಹೋರಾಟದಲ್ಲಿ ಸುಮಾರು 2,500 ಹಂಗೇರಿಯನ್ನರು ಮಡಿದರು, ಸುಮಾರು 2 ಲಕ್ಷ ಮಂದಿ ದೇಶ ಬಿಟ್ಟರು. ಪೋಪ್ 12ನೇ ಪಯಸ್ ಅಕ್ಟೋಬರ್ 28ರಿಂದ ನವೆಂಬರ್ 5ರೊಳಗೆ ಮೂರು ವಿಶ್ವಪತ್ರಗಳನ್ನು ಹೊರಡಿಸಿದರು. ನಮ್ಮ ದೇಶದ ನಡೆ ಮಾತ್ರ ಹೆಮ್ಮೆಯದಾಗಿರಲಿಲ್ಲ. ಸೋವಿಯತ್ ಸೇನೆ ಹಿಂದೆ ಸರಿಯಬೇಕು, ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚುನಾವಣೆ ನಡೆಯಬೇಕೆಂಬ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. ಜಯಪ್ರಕಾಶ್ ನಾರಾಯಣ್ ಆಗ ಸರಕಾರವನ್ನು ಟೀಕಿಸಿದರು.

ರಾಯಭಾರ ಕಚೇರಿಯಲ್ಲಿ ಅವರು ಕಳೆದದ್ದು ಹದಿನೈದು ವರ್ಷ. ಹೊರಗೆ ಕಾಲಿಟ್ಟರೆ ಬಂಧನ. ನಡೆದಾಡಲು ಅಂಗಳವಷ್ಟೇ ಇತ್ತು. 1960ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಆಗಲಿಲ್ಲ. 1958 ಮತ್ತು 1963ರ ಪೋಪ್ ಆಯ್ಕೆಗಳಲ್ಲಿ ಅವರ ಸ್ಥಾನ ಖಾಲಿಯಿತ್ತು. 1971ರ ಸೆಪ್ಟೆಂಬರ್ 28ರಂದು, ಪೋಪ್ 6ನೇ ಪೌಲರ ಇಚ್ಛೆಯಂತೆ, ಅವರು ದೇಶ ಬಿಟ್ಟರು. ರೋಮಿನಲ್ಲಿ ಸ್ವಲ್ಪ ದಿನವಿದ್ದು ವಿಯೆನ್ನಾದಲ್ಲಿ ನೆಲೆಸಿದರು. ಅಂದಿನ ವ್ಯಾಟಿಕನ್ ಕಮ್ಯುನಿಸ್ಟ್ ಸರಕಾರಗಳೊಂದಿಗೆ ಮಾತುಕತೆಯ ದಾರಿ ಹಿಡಿದಿತ್ತು. ಮಹಾಧರ್ಮಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡಲು ಕಾರ್ಡಿನಲ್ ಒಪ್ಪಲಿಲ್ಲ. 1974ರ ಫೆಬ್ರುವರಿಯಲ್ಲಿ ಆ ಸ್ಥಾನ ತೆರವಾಗಿದೆಯೆಂದು ಪ್ರಕಟವಾಯಿತು. ಇದು ಅವರಿಗೆ ಜೈಲಿಗಿಂತಲೂ ಹೆಚ್ಚಿನ ನೋವಾಗಿದ್ದಿರಬಹುದು. ಆದರೂ ಅವರು ಪೋಪರನ್ನು ಧಿಕ್ಕರಿಸಲಿಲ್ಲ. ತಾನಾಗಿ ರಾಜೀನಾಮೆ ಕೊಟ್ಟಿಲ್ಲವೆಂದು ಮಾತ್ರ ಸ್ಪಷ್ಟಪಡಿಸಿದರು.

1975ರ ಮೇ 6ರಂದು ವಿಯೆನ್ನಾದಲ್ಲಿ ನಿಧನರಾದ ಅವರನ್ನು ಆಸ್ಟ್ರಿಯಾದ ಮರಿಯಾಜೆಲ್ ಪುಣ್ಯಕ್ಷೇತ್ರದಲ್ಲಿ ಭೂಸ್ಥಾಪನೆ ಮಾಡಲಾಯಿತು. ಸೋವಿಯತ್ ಸೇನೆ ಹಂಗೇರಿಯಲ್ಲಿ ಇರುವತನಕ ತಮ್ಮ ದೇಹವನ್ನು ತಾಯ್ನಾಡಿಗೆ ತರಬಾರದೆಂದು ಅವರು ಬಯಸಿದ್ದರು. 1991ರ ಮೇ ತಿಂಗಳಲ್ಲಿ, ಆ ಸೇನೆಯ ಕೊನೆಯ ತುಕಡಿಗಳು ಗಂಟುಮೂಟೆ ಕಟ್ಟುತ್ತಿದ್ದಾಗ, ಎಸ್ಟೆರ್‌ಗೋಮ್‌ನ ಮಹಾದೇವಾಲಯದಲ್ಲಿ ಅವರನ್ನು ಮತ್ತೆ ಮಣ್ಣು ಮಾಡಲಾಯಿತು. ಪೋಪ್ ಫ್ರಾನ್ಸಿಸ್ 2019ರ ಫೆಬ್ರುವರಿಯಲ್ಲಿ ಅವರನ್ನು ವಂದನೀಯರೆಂದು ಘೋಷಿಸಿದರು.