ಒಂದು ಚೀಟಿಯನ್ನೂ ಬಿಸಾಡದ ವ್ಯಾಪಾರಿ ದಾತೀನಿ

ಇಟಲಿಯ ಪ್ರಾಟೊ ಊರಿನ ಫ್ರಾನ್ಸೆಸ್ಕೊ ದಾತೀನಿ ಹುಟ್ಟಿದ್ದು 1335ರ ಆಸುಪಾಸು. 1348ರ ಪ್ಲೇಗಿನಲ್ಲಿ ಅಪ್ಪ-ಅಮ್ಮ ಇಬ್ಬರೂ ತೀರಿಕೊಂಡರು. ಹದಿನೈದರ ಪೋರ ಆಗ ಪೋಪ್ ಇದ್ದ ಅವಿನ್ಯಾನ್ ಪಟ್ಟಣ ಸೇರಿ, ಕತ್ತಿ-ಕವಚ ಮಾರಿ ದುಡ್ಡು ಮಾಡಿದ. 1383ರಲ್ಲಿ ಊರಿಗೆ ಮರಳಿದ. ಆಮೇಲೆ ಫ್ಲಾರೆನ್ಸ್, ಪೀಸಾ, ಜಿನೋವಾ, ಬಾರ್ಸಿಲೋನಾದಲ್ಲೆಲ್ಲ ಅಂಗಡಿ. ಉಣ್ಣೆ, ಬಟ್ಟೆ, ಮಸಾಲೆ ವ್ಯಾಪಾರ.

ಆಸಾಮಿ ಮಹಾ ಅನುಮಾನದವ. ಕಿರ್ದಿ, ಖಾತೆ, ಬಂದ ಕಾಗದ ಒಂದನ್ನೂ ಎಸೀಬಾರದು ಅಂತ ಗುಮಾಸ್ತರಿಗೆ ಕಟ್ಟಪ್ಪಣೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಪ್ರತಿ ವ್ಯವಹಾರ ಎರಡೆರಡು ಸಲ ಬರೆಯುವ ಪದ್ಧತಿ ಆಗಲೇ ಅವನ ಅಂಗಡಿಗಳಲ್ಲಿತ್ತು.

ಇಷ್ಟೆಲ್ಲ ಕೂಡಿಟ್ಟರೂ ಹೆಂಡತಿ ಮಾರ್ಗರೀಟಾಗೆ ಮಕ್ಕಳಾಗಲಿಲ್ಲ. ಬೇರೊಬ್ಬಳಲ್ಲಿ ಹುಟ್ಟಿದ ಮಗಳು ಜಿನೆವ್ರಾಳನ್ನು ಸಾಕಿದ್ದು ಆಕೆಯೇ, ಅದು ಸಣ್ಣ ಮಾತಲ್ಲ. ಆಸ್ತಿ ಯಾರಿಗೆ? ಪತ್ರ ಬರೆಯುವ ವಕೀಲ ಗೆಳೆಯ ಲಾಪೊ ಮಾತ್ಸೇಯಿ ವರ್ಷಗಟ್ಟಲೆ ಬಡವರ ವಿಚಾರ ಕಿವಿಗೆ ಹಾಕುತ್ತಲೇ ಇದ್ದ. ಕೊನೆಗೆ ದಾತೀನಿ ಸುಮಾರು 70,000 ಫ್ಲೋರಿನ್ ಬಡವರಿಗೆ ಬರೆದಿಟ್ಟ. ಉಸ್ತುವಾರಿ ಮಾತ್ರ ಚರ್ಚಿಗೆ ಬೇಡ, ಊರಿನವರದೇ ಇರಲಿ ಅಂದ. 1410ರ ಆಗಸ್ಟಿನಲ್ಲಿ ತೀರಿಕೊಂಡ.

1870ರಲ್ಲಿ ಅವನ ಮನೆಯ ಮೆಟ್ಟಿಲ ಕೆಳಗೆ ಮೂಟೆಗಳು ಸಿಕ್ಕವು. 500ಕ್ಕೂ ಹೆಚ್ಚು ಲೆಕ್ಕದ ಪುಸ್ತಕ, ಸುಮಾರು 1,50,000 ಕಾಗದ. ಅವೆಲ್ಲ ಈಗಲೂ ಪ್ರಾಟೊದಲ್ಲೇ ಇವೆ.